ಸೆಲ್ಫ್ ಹೊಡೆದರೆ ಗರಗರ ಶಬ್ದ, ಬೆಂಡಿಕ್ಸ್ ಬದಲಿಸಿದರೂ ಹೋಗುತ್ತಿಲ್ಲ – ಹತ್ತು ಚಕ್ರದ ಲಾರಿ

ರಾಣೆಬೆನ್ನೂರು ಲಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹತ್ತು ಚಕ್ರದ ಲಾರಿ. ಆರು ಸಿಲಿಂಡರ್ ಡೀಸೆಲ್ ಎಂಜಿನ್, ಹಳೇ ಕಾಲದ ಡೀಸೆಲ್ ಪಂಪು, 24 ವೋಲ್ಟ್. ರಾಣೆಬೆನ್ನೂರಿನಿಂದ ಮೆಕ್ಕೆಜೋಳ ತುಂಬಿಕೊಂಡು ಮಂಗಳೂರು ಕಡೆ ಹೋಗುತ್ತೇನೆ, ಬರುವಾಗ ಸಿಕ್ಕಿದ ಲೋಡ್. ಲಾರಿ ನನ್ನದೇ, ಓಡಿಸುವವನೂ ನಾನೇ.

ಕೀ ತಿರುಗಿಸಿದರೆ ಕೆಲವು ಸಲ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಕೆಲವು ಸಲ ಗರ್ರ್ ಅಂತ ಹಲ್ಲು ಉಜ್ಜುವ ಶಬ್ದ ಬರುತ್ತದೆ, ಎಂಜಿನ್ ತಿರುಗುವುದೇ ಇಲ್ಲ. ಬಿಟ್ಟು ಮತ್ತೆ ಹೊಡೆದರೆ ಹಿಡಿದರೆ ಹಿಡಿಯಿತು, ಇಲ್ಲವಾದರೆ ಮತ್ತೆ ಗರಗರ. ಮಳೆಗಾಲಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ಬಿಚ್ಚಿಸಿ ಹೊಸ ಬೆಂಡಿಕ್ಸ್ (ಅದರ ತುದಿಯ ಹಲ್ಲಿನ ಚಕ್ರ) ಹಾಕಿಸಿದ್ದೆ. ಸ್ವಲ್ಪ ದಿನ ಚೆನ್ನಾಗಿತ್ತು. ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಈಗ ಅದೇ ಅಂಗಡಿಯವರು ಸೆಲ್ಫ್ ಪೂರ್ತಿ ಹೊಸದು ಹಾಕಿಬಿಡಿ ಅನ್ನುತ್ತಿದ್ದಾರೆ.

ದುಡ್ಡು ಹಾಕಿದ ಮೇಲೂ ಇದೇ ಶಬ್ದ ಬಂದರೆ ಏನು ಮಾಡುವುದು? ಲೋಡ್ ಇಟ್ಟುಕೊಂಡು ಶಿರಾಡಿ ಘಾಟಿಯಲ್ಲಿ ನಿಲ್ಲುವ ಭಯಕ್ಕೆ ಊಟಕ್ಕೆ ನಿಲ್ಲಿಸಿದಾಗಲೂ ಎಂಜಿನ್ ಆಫ್ ಮಾಡುತ್ತಿಲ್ಲ. ಗೊತ್ತಿರುವವರು ದಾರಿ ತೋರಿಸಿ.

ಘಾಟಿ ಡ್ರೈವರ್

ಅಣ್ಣಾ, ಮೊದಲು ಸೆಲ್ಫ್ ಕೂರಿಸಿರುವ ಬೋಲ್ಟ್ ನೋಡಿ. ನಮ್ಮ ಗಾಡಿಯಲ್ಲಿ ಒಂದು ಬೋಲ್ಟ್ ಸಡಿಲವಾಗಿ ಥೇಟ್ ಇದೇ ಶಬ್ದ ಬರುತ್ತಿತ್ತು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ ಮೇಲೆ ಸರಿಹೋಯಿತು. ಎಲ್ಲಕ್ಕಿಂತ ಸುಲಭದ ಕೆಲಸ ಅದೇ ಅಲ್ವಾ.

ಸೆಲ್ಫ್ ಡೈನಮೋ ದಾವಣಗೆರೆ

ಬೋಲ್ಟ್ ನೋಡುವುದು ಒಳ್ಳೆಯದೇ. ಆದರೆ ರಾಣೆಬೆನ್ನೂರಿನವರೇ, ಹೊಸ ಸೆಲ್ಫ್ ಕೊಳ್ಳುವ ಮುಂಚೆ ದಯವಿಟ್ಟು ಒಂದು ವಿಷಯ ಗಮನಿಸಿ. ಆ ಶಬ್ದ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ? ಇದಕ್ಕೆ ಉತ್ತರ ಸಿಗದೆ ಸಾಮಾನು ಬದಲಿಸಿದರೆ ಹೊಸ ಬೆಂಡಿಕ್ಸಿಗೂ ಹಳೆಯದರ ಗತಿಯೇ ಬರುತ್ತದೆ. ನಿಮ್ಮ ಗಾಡಿಯಲ್ಲಿ ಆಗಿರುವುದೂ ಅದೇ.

ಸೆಲ್ಫ್ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಕೀ ತಿರುಗಿಸಿದ ತಕ್ಷಣ ಮೋಟಾರ್ ಪೂರ್ತಿ ಜೋರಲ್ಲಿ ತಿರುಗುವುದಿಲ್ಲ. ಮೊದಲು ಮೇಲಿನ ಸೊಲೆನಾಯ್ಡ್, ಅಂದರೆ ಕರೆಂಟ್ ಮ್ಯಾಗ್ನೆಟ್, ಒಳಗಿನ ಕಬ್ಬಿಣದ ರಾಡನ್ನು ಎಳೆಯುತ್ತದೆ. ಆ ರಾಡು ಒಂದು ಫೋರ್ಕ್ ಮೂಲಕ ಬೆಂಡಿಕ್ಸನ್ನು ಮುಂದೆ ತಳ್ಳುತ್ತದೆ. ಬೆಂಡಿಕ್ಸ್ ಹಲ್ಲು ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಸುತ್ತಲಿನ ರಿಂಗಿನ ಹಲ್ಲಿನ ಸಂದಿಗೆ ಹೋಗಿ ಕೂರುತ್ತದೆ. ಆಮೇಲೆ ರಾಡಿನ ಹಿಂದಿನ ತುದಿಯಲ್ಲಿರುವ ತಾಮ್ರದ ಕಾಂಟ್ಯಾಕ್ಟ್ ಕೂಡಿ ಮೋಟಾರಿಗೆ ಪೂರ್ತಿ ಕರೆಂಟ್ ಹೋಗುತ್ತದೆ. ಎಲ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ.

ಕೆಲವು ಸಲ ಹಲ್ಲಿಗೆ ಹಲ್ಲು ನೇರ ಎದುರಾಗುತ್ತದೆ. ಅದು ದೋಷವಲ್ಲ. ಹಿಂದೆ ಇರುವ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಮೋಟಾರ್ ಚೂರು ತಿರುಗಿದ ಕೂಡಲೇ ಬೆಂಡಿಕ್ಸ್ ಮುಂದಿನ ಸಂದಿಗೆ ಜಾರಿಕೊಳ್ಳುತ್ತದೆ. ಇದಕ್ಕಾಗಿಯೇ ಎರಡರ ಹಲ್ಲಿನ ತುದಿಗೂ ಇಳಿಜಾರು ಕೊಟ್ಟಿರುತ್ತಾರೆ. ಆ ತುದಿ ಸವೆದು ಗುಂಡಗಾಗಿದ್ದರೆ, ಇಲ್ಲವೇ ಬಡಿತಕ್ಕೆ ಮಡಚಿಕೊಂಡಿದ್ದರೆ ಬೆಂಡಿಕ್ಸ್ ಒಳಗೆ ಹೋಗುವುದಿಲ್ಲ. ರಿಂಗಿನ ಮುಖದ ಮೇಲೇ ತಿರುಗುತ್ತಾ ಹಲ್ಲನ್ನು ಕೆರೆಯುತ್ತದೆ. ನಿಮಗೆ ಕೇಳುವ ಗರ್ರ್ ಅದೇ.

ಬರೀ ಗುಂಯ್ ಅಂತ ಮೋಟಾರ್ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ ಒಳಗಿನ ಒಮ್ಮುಖ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವಂಥದ್ದು) ಜಾರುತ್ತಿದೆ. ಟಕಟಕಟಕ ಅಂದರೆ ಬ್ಯಾಟರಿ, ವೈರು ಅಥವಾ ಸೊಲೆನಾಯ್ಡಿನ ಹಿಡಿದಿಡುವ ಕಾಯಿಲ್. ಒಂದೇ ಒಂದು ಟಕ್ ಅಂದು ಸುಮ್ನಾದರೆ ಹೆಚ್ಚಾಗಿ ಕಾಂಟ್ಯಾಕ್ಟ್ ಅಥವಾ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದಿದೆ. ನಿಮ್ಮದು ಯಾವುದು?

ರಾಣೆಬೆನ್ನೂರು ಲಾರಿ

ನಮ್ಮದು ಗರ್ರ್ ಶಬ್ದವೇ ಅಣ್ಣಾ. ಆದರೆ ಇವತ್ತು ಗಮನ ಇಟ್ಟು ಕೇಳಿದೆ. ಗರ್ರ್ ಬರುವುದಕ್ಕೆ ಮುಂಚೆ ಕೆಲವು ಸಲ ಟಕಟಕ ಅಂತ ಒಂದೆರಡು ಸಲ ಬಡಿಯುತ್ತದೆ. ಬೆಳಗಿನ ಜಾವ ತಣ್ಣಗಿದ್ದಾಗ ಈ ಬಡಿತ ಜಾಸ್ತಿ. ಗರ್ರ್ ಮಾತ್ರ ತಣ್ಣಗಿದ್ದರೂ ಬರುತ್ತದೆ, ಬಿಸಿ ಇದ್ದರೂ ಬರುತ್ತದೆ. ಬೋಲ್ಟ್ ಎಲ್ಲಾ ಬಿಗಿಯಾಗಿಯೇ ಇವೆ.

ವರ್ಕ್‌ಶಾಪ್ ತುಮಕೂರು

ಟಕಟಕ ಮತ್ತು ಗರ್ರ್ ಎರಡೂ ಇವೆ ಅಂದರೆ ಎರಡು ಕಾಯಿಲೆ ಒಟ್ಟಿಗೆ ಇರಬಹುದು. ಸೆಲ್ಫ್ ಬಿಚ್ಚುವ ಮುಂಚೆ ಮೀಟರ್ ಹಿಡಿಯಿರಿ. ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಹಳೇ ಪಂಪಿನ ಎಂಜಿನ್ ಆದ್ದರಿಂದ ಒಬ್ಬರು ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದು ಸೆಲ್ಫ್ ಹೊಡೆಯಲಿ. ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗುತ್ತದೆ, ಅಳೆಯಲು ಸಮಯ ಸಿಗುತ್ತದೆ. ಎಂಜಿನ್ ತಿರುಗುತ್ತಿರುವಾಗ ಬರುವ ಲೆಕ್ಕವೇ ಬೇಕು, ಗರ್ರ್ ಅನ್ನುವಾಗಿನದು ಬೇಡ.

ಮೊದಲು ಎರಡು ಬ್ಯಾಟರಿ ಸೇರಿಸಿ ಎಷ್ಟಿದೆ ನೋಡಿ. ಆಮೇಲೆ ಒಂದೊಂದನ್ನೇ ನೋಡಿ. ಒಂದು ಗಟ್ಟಿ ನಿಂತು ಇನ್ನೊಂದು ಕುಸಿದರೆ ಕುಸಿದದ್ದು ಸತ್ತಿದೆ ಅಂತ ಲೆಕ್ಕ. 24 ವೋಲ್ಟ್ ಗಾಡಿಯಲ್ಲಿ ಜೋಡಿಯಾಗಿಯೇ ಬದಲಿಸಬೇಕು, ಹಳೆಯದು ಒಂದು ಹೊಸದು ಒಂದು ಹಾಕಿದರೆ ಹೊಸದೂ ಬೇಗ ಹಾಳು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬ್ಬಿಗೆ, ಇನ್ನೊಂದು ಸೆಲ್ಫಿನ ಬಾಡಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಹಾಗೇ ಪ್ಲಸ್ ಗುಬ್ಬಿಗೂ ಸೆಲ್ಫಿನ ದಪ್ಪ ವೈರಿನ ನಟ್ಟಿಗೂ. ಒಂದೊಂದು ಕಡೆ ಒಂದು ವೋಲ್ಟಿನ ಒಳಗೆ ಇದ್ದರೆ ಚಿಂತೆ ಇಲ್ಲ.

15 ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ. ಮಧ್ಯೆ ಎರಡು ನಿಮಿಷ ಬಿಡಿ, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಾಮ್ರದ ಸುರುಳಿ) ಸುಟ್ಟೀತು.

ಶಿರಾ ಟಿಪ್ಪರ್

ನಮ್ಮಲ್ಲಿ ಒಬ್ಬ ಮೇಸ್ತ್ರಿ ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿ, ಗ್ರೈಂಡರಿನಲ್ಲಿ ಹಲ್ಲಿನ ಆಕಾರ ಮಾಡಿಕೊಡುತ್ತಾರೆ. ಗೇರ್‌ಬಾಕ್ಸ್ ಇಳಿಸುವುದೇ ಬೇಡ, ಸೆಲ್ಫ್ ಬಿಚ್ಚಿದ ಕಿಂಡಿಯಲ್ಲೇ ಮಾಡುತ್ತಾರಂತೆ. ಖರ್ಚು ಕಡಿಮೆ.

ಸೆಲ್ಫ್ ಡೈನಮೋ ದಾವಣಗೆರೆ

ತಮ್ಮಾ, ಅದನ್ನು ಯಾರಿಗೂ ಹೇಳಬೇಡ. ರಿಂಗಿನ ಹಲ್ಲು ಗಟ್ಟಿ ಬರಲಿ ಅಂತಲೇ ಪಾಕ ಕೊಟ್ಟಿರುತ್ತಾರೆ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಶಾಖಕ್ಕೆ ಅಕ್ಕಪಕ್ಕದ ಹಲ್ಲಿನ ಪಾಕವೂ ಹೋಗುತ್ತದೆ. ಒಂದು ಕಡೆ ಮೆತ್ತಗೆ, ಒಂದು ಕಡೆ ಬಿರುಸು. ತುಂಬಿದ ಹಲ್ಲು ಮುರಿದು ಬಿದ್ದರೆ ಚೂರು ಫ್ಲೈವೀಲ್ ಹೌಸಿಂಗ್ ಒಳಗೇ ಉಳಿಯುತ್ತದೆ. ಅಲ್ಲಿ ತಿರುಗುತ್ತಿರುವುದು ದೊಡ್ಡ ತೂಕದ ಫ್ಲೈವೀಲ್, ಪಕ್ಕದಲ್ಲೇ ಕ್ಲಚ್. ಜೊತೆಗೆ ಅಷ್ಟು ಇಕ್ಕಟ್ಟಿನ ಕಿಂಡಿಯಲ್ಲಿ ವೆಲ್ಡಿಂಗ್ ಕಿಡಿ ಹಾರಿದರೆ ಕ್ಲಚ್ ಪುಡಿ, ಆಯಿಲ್ ಜಿಡ್ಡು ಎಲ್ಲಾ ಅಲ್ಲೇ ಇರುತ್ತದೆ. ಬೆಂಕಿಯ ಭಯವೂ ಇದೆ.

ರಾಣೆಬೆನ್ನೂರು ಲಾರಿ

ಮೀಟರ್ ಹಿಡಿದು ನೋಡಿದೆವು. ಸುಮ್ನೆ ನಿಂತಾಗ ಬ್ಯಾಟರಿ ಎರಡೂ ಸೇರಿ 25.2 ವೋಲ್ಟ್. ಸೆಲ್ಫ್ ಹೊಡೆದಾಗ 20.4. ಒಂದೊಂದೇ ನೋಡಿದರೆ ಎರಡೂ 10.2ರ ಆಸುಪಾಸು, ಸಮ ಇವೆ. ಪ್ಲಸ್ ಕಡೆ 0.8. ಮೈನಸ್ ಕಡೆ 1.9 ತೋರಿಸಿತು. ಅಂದರೆ ಸೆಲ್ಫಿಗೆ 17.7 ಮಾತ್ರ ಸಿಗುತ್ತಿದೆ ಅಂತ ತಾನೇ?

ವರ್ಕ್‌ಶಾಪ್ ತುಮಕೂರು

ಹೌದು, ಲೆಕ್ಕ ಸರಿ ಇದೆ. ಬ್ಯಾಟರಿ ಚೆನ್ನಾಗಿದೆ, ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಕೆಟ್ಟಿದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಚಾಸಿಗೂ ಎಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಮಣ್ಣು, ಮಳೆನೀರು ಹಾರಿ ಮೊದಲು ತುಕ್ಕು ತಿನ್ನುವುದು ಅದನ್ನೇ. ಕೈಯಲ್ಲಿ ಎಳೆದರೆ ಗಟ್ಟಿಯಾಗಿಯೇ ಇರುತ್ತದೆ. ಬಿಚ್ಚಿ ನೋಡಿದರೆ ಲಗ್ಗಿನ ಕೆಳಗೆ ಹಸಿರು ಪುಡಿ. ಪಟ್ಟಿ ಹೊಸದು ಹಾಕಿ. ಚಾಸಿ ಮೇಲೆ ಅದು ಕೂರುವ ಜಾಗದ ಬಣ್ಣ ಮತ್ತು ತುಕ್ಕು ಕೆರೆದು ಬಿಳಿ ಕಬ್ಬಿಣ ಕಾಣುವ ಹಾಗೆ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿ.

ಅರ್ಥ್ ಕೆಟ್ಟರೆ ಹಲ್ಲು ಯಾಕೆ ಉಜ್ಜುತ್ತದೆ ಅಂತ ಕೇಳಬಹುದು. ಮೋಟಾರಿಗೆ ಪೂರ್ತಿ ಕರೆಂಟ್ ಹೋದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಸೊಲೆನಾಯ್ಡ್ ಹಿಡಿತ ಬಿಟ್ಟು ಬೆಂಡಿಕ್ಸ್ ಹಿಂದೆ ಬರುತ್ತದೆ. ಮೋಟಾರಿನ ಕರೆಂಟ್ ಕಟ್ ಆದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಮುಂದೆ ನುಗ್ಗುತ್ತದೆ. ಅಷ್ಟರಲ್ಲಿ ಮೋಟಾರ್ ತಿರುಗುತ್ತಲೇ ಇರುತ್ತದೆ. ತಿರುಗುತ್ತಿರುವ ಬೆಂಡಿಕ್ಸ್ ನಿಂತಿರುವ ರಿಂಗಿಗೆ ಹೋಗಿ ಬಡಿಯುತ್ತದೆ. ಒಂದೊಂದು ಬಡಿತಕ್ಕೂ ಹಲ್ಲಿನ ತುದಿ ಸ್ವಲ್ಪ ಸ್ವಲ್ಪ ಹಾರುತ್ತದೆ. ಈ ಟಕಟಕದಲ್ಲೇ ನಿಮ್ಮ ಹೊಸ ಬೆಂಡಿಕ್ಸ್ ಹಾಳಾಗುತ್ತಾ ಬಂದಿದೆ.

ರಾಣೆಬೆನ್ನೂರು ಲಾರಿ

ಪಟ್ಟಿ ಬದಲಿಸಿದೆವು. ನೀವು ಹೇಳಿದ ಹಾಗೇ ಹಸಿರು ಪುಡಿ ಇತ್ತು. ಮೈನಸ್ ಕಡೆ ಈಗ 0.3. ಟಕಟಕ ಪೂರ್ತಿ ನಿಂತಿದೆ, ಎಂಜಿನ್ ತಿರುಗುವ ಜೋರೇ ಬೇರೆ. ಆದರೆ ಗರ್ರ್ ಹೋಗಿಲ್ಲ.

ಸೆಲ್ಫ್ ಡೈನಮೋ ದಾವಣಗೆರೆ

ಹೋಗುವುದಿಲ್ಲ. ಈಗಾಗಲೇ ಹಾಳಾದ ಹಲ್ಲು ವೈರು ಸರಿಮಾಡಿದ ಮಾತ್ರಕ್ಕೆ ಬೆಳೆಯುವುದಿಲ್ಲವಲ್ಲ. ಈಗ ರಿಂಗ್ ನೋಡಬೇಕು.

ಮುಂದಿನ ಸಲ ಗರ್ರ್ ಅಂದಾಗ ಮತ್ತೆ ಹೊಡೆಯಬೇಡಿ. ಕೀ ತೆಗೆದು, ಕಟ್‌ಆಫ್ ಸ್ವಿಚ್ ಆಫ್ ಮಾಡಿ. ಮುಂದಿನ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಮತ್ತು ಉದ್ದನೆಯ ರಾಡ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಒಂದು ಗೇಣು ಎಳೆಯಿರಿ. ರಾಡ್ ತೆಗೆದು ಪಕ್ಕಕ್ಕಿಟ್ಟು ಆಮೇಲೆ ಸೆಲ್ಫ್ ಹೊಡೆಯಿರಿ. ಸಲೀಸಾಗಿ ಹಿಡಿದರೆ ರಿಂಗಿನಲ್ಲಿ ಕೆಲವು ಕಡೆ ಮಾತ್ರ ಹಲ್ಲು ಹೋಗಿದೆ ಅಂತ ಅರ್ಥ.

ಕೆಲವು ಕಡೆ ಮಾತ್ರ ಯಾಕೆ? ಆಫ್ ಮಾಡಿದಾಗ ಎಂಜಿನ್ ತನಗಿಷ್ಟ ಬಂದಲ್ಲಿ ನಿಲ್ಲುವುದಿಲ್ಲ. ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ ಅದನ್ನು ತಡೆದು ನಿಲ್ಲಿಸುತ್ತದೆ. ಆರು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಮೂರು ಕಂಪ್ರೆಷನ್. ಹಾಗಾಗಿ ಫ್ಲೈವೀಲ್ ಹೆಚ್ಚುಕಡಿಮೆ ಮೂರೇ ಜಾಗದಲ್ಲಿ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಎರಡು ಜಾಗ. ಸೆಲ್ಫ್ ಪ್ರತಿ ಸಲ ಅಲ್ಲೇ ಬಡಿಯುತ್ತದೆ. ನಿಮಗೆ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ ಅನ್ನುವುದಕ್ಕೆ ಕಾರಣ ಇದೇ ಇರಬೇಕು.

ಇದು ತಾಳೆಯಾದರೆ ಸೆಲ್ಫ್ ಇಳಿಸಿ. ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ, ಪ್ಲಸ್ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ. ಕೊನೇ ಬೋಲ್ಟ್ ತೆಗೆಯುವಾಗ ಕೆಳಗೆ ಇನ್ನೊಬ್ಬರು ಹಿಡಿದಿರಲಿ, ಭಾರದ ಸಾಮಾನು, ಎದೆ ಮೇಲೆ ಬೀಳುತ್ತದೆ. ಕಿಂಡಿಯಿಂದ ಟಾರ್ಚ್ ಬಿಟ್ಟು, ಒಬ್ಬರು ಪುಲ್ಲಿ ತಿರುಗಿಸುತ್ತಿರಲಿ, ಇನ್ನೊಬ್ಬರು ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಪೂರ್ತಿ ಒಂದು ಸುತ್ತು ನೋಡಿ. ಅರ್ಧ ನೋಡಿ ಚೆನ್ನಾಗಿದೆ ಅಂತ ಬಿಡಬೇಡಿ.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್ ಲೆಕ್ಕ

ನಮ್ಮ ಮನೆಯ ಲಾರಿಗಳ ಖರ್ಚು ವೆಚ್ಚ ನೋಡಿಕೊಳ್ಳುವವಳು ನಾನು, ಅದಕ್ಕೆ ಕೇಳುತ್ತಿದ್ದೇನೆ. ರಿಂಗ್ ಬದಲಿಸಬೇಕು ಅಂದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲಾ ಇಳಿಸಬೇಕು. ರಿಂಗಿನ ಬೆಲೆಗಿಂತ ಕೂಲಿ, ಲಾರಿ ನಿಂತ ದಿನದ ಬಾಡಿಗೆ ನಷ್ಟವೇ ಜಾಸ್ತಿ ಆಗುತ್ತದೆ. ಕ್ಲಚ್ ಬದಲಿಸುವ ಸಮಯ ಬರುವವರೆಗೆ ಹೇಗಾದರೂ ತಳ್ಳಲು ಆಗುವುದಿಲ್ಲವಾ?

ವರ್ಕ್‌ಶಾಪ್ ತುಮಕೂರು

ಅಕ್ಕಾ, ಹಲ್ಲಿನ ತುದಿ ಮಾತ್ರ ಸ್ವಲ್ಪ ಮಡಚಿದ್ದರೆ ತಳ್ಳಬಹುದು. ಕಿಂಡಿಯಿಂದಲೇ ಅರದಲ್ಲಿ ಆ ಮಡಿಕೆ ತೆಗೆದು ಇಳಿಜಾರು ಕೊಟ್ಟು, ಅರದ ಪುಡಿ ಮ್ಯಾಗ್ನೆಟ್‌ನಲ್ಲಿ ತೆಗೆದರೆ ಸ್ವಲ್ಪ ಕಾಲ ನಡೆಯುತ್ತದೆ. ಹಲ್ಲಿನ ಉದ್ದದಲ್ಲಿ ಅರ್ಧದಷ್ಟು ಹೋಗಿದ್ದರೆ ತಳ್ಳುವುದು ನಷ್ಟದ ವ್ಯಾಪಾರ. ಪ್ರತಿ ಗರ್ರ್‌ಗೂ ಬೆಂಡಿಕ್ಸ್ ಸವೆಯುತ್ತದೆ, ಸವೆದ ಬೆಂಡಿಕ್ಸ್ ಉಳಿದ ಒಳ್ಳೆಯ ಹಲ್ಲನ್ನೂ ತಿನ್ನುತ್ತದೆ. ಹೇಗೂ ಇಳಿಸುವುದಾದರೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್ ಮಧ್ಯದ ಚಿಕ್ಕ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎಲ್ಲಾ ಒಮ್ಮೆಗೇ ನೋಡಿ ಮುಗಿಸಿ. ಅದೇ ಕೂಲಿಯಲ್ಲಿ ಆಗುವ ಕೆಲಸ.

ರಾಣೆಬೆನ್ನೂರು ಲಾರಿ

ರಾಡ್ ಹಾಕಿ ತಿರುಗಿಸಿ ನೋಡಿದೆ. ಗರ್ರ್ ಅಂದ ಜಾಗದಿಂದ ಸ್ವಲ್ಪ ಸರಿಸಿದ ತಕ್ಷಣ ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಸೆಲ್ಫ್ ಇಳಿಸಿ ಟಾರ್ಚ್ ಬಿಟ್ಟರೆ ಮೂರು ಕಡೆ ಹಲ್ಲು ತಿಂದಿದೆ. ಎರಡು ಕಡೆ ತುದಿ ಮಾತ್ರ. ಒಂದು ಕಡೆ ಏಳೆಂಟು ಹಲ್ಲು ಅರ್ಧಕ್ಕೇ ಹೋಗಿವೆ, ಹೊಳೆಯುತ್ತಿವೆ. ಬೆಂಡಿಕ್ಸ್ ಹೊಸದಾಗಿ ಹಾಕಿಸಿದ್ದರೂ ಅದರ ಹಲ್ಲಿನ ಮುಂದಿನ ಮೂಲೆಗಳೆಲ್ಲಾ ಗುಂಡಗಾಗಿವೆ. ಇನ್ನೊಂದು, ಬೆಂಡಿಕ್ಸ್ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದರೆ ಆಟ ಇದೆ. ಇದು ಸರಿಯಾ?

ಸೆಲ್ಫ್ ಡೈನಮೋ ದಾವಣಗೆರೆ

ಸರಿಯಲ್ಲ. ಮುಂದಿನ ಮೂತಿಯಲ್ಲಿ ಶಾಫ್ಟ್ ಹಿಡಿದಿಡುವ ಬುಷ್ ಸವೆದಿದೆ. ಬುಷ್ ಸವೆದರೆ ಶಾಫ್ಟ್ ಓರೆಯಾಗಿ ನಿಲ್ಲುತ್ತದೆ, ಬೆಂಡಿಕ್ಸ್ ರಿಂಗಿಗೆ ನೇರ ಹೋಗುವುದಿಲ್ಲ. ಬೆಂಡಿಕ್ಸ್ ಹಾಕಿದವರು ಆವತ್ತೇ ಬುಷ್ ಹಾಕಬೇಕಿತ್ತು, ಅದು ಚಿಕ್ಕ ಸಾಮಾನು. ಹೊಸ ಬುಷ್ಷನ್ನು ಕೂರಿಸುವ ಮುಂಚೆ ಎಂಜಿನ್ ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿಡಲು ಹೇಳಿ. ಪುಡಿ ಒತ್ತಿ ಮಾಡಿದ ಕಂಚಿನ ಬುಷ್ ಆಯಿಲ್ ಕುಡಿದುಕೊಂಡಿರುತ್ತದೆ, ಅದರ ಬಾಳಿಕೆ ಆ ಆಯಿಲಿನಲ್ಲೇ ಇದೆ. ಸುತ್ತಿಗೆಯಲ್ಲಿ ನೇರ ಹೊಡೆಯಬಾರದು, ಅಳತೆಯ ಮ್ಯಾಂಡ್ರಲ್ (ಬುಷ್ ಒಳಗೆ ಹಾಕುವ ಕಬ್ಬಿಣದ ಗೂಟ) ಇಟ್ಟು ಒತ್ತಬೇಕು.

ಕಾರ್ಬನ್ ಉದ್ದ ನೋಡಿ, ಅರ್ಧಕ್ಕೆ ಬಂದಿದ್ದರೆ ಬದಲಿಸಿ. ಸೊಲೆನಾಯ್ಡ್ ಕಾಂಟ್ಯಾಕ್ಟ್ ಆ ಟಕಟಕಕ್ಕೆ ಸುಟ್ಟು ಗುಳಿ ಬಿದ್ದಿರುತ್ತದೆ, ಅದನ್ನೂ ನೋಡಿ. ಬೆಂಡಿಕ್ಸ್ ಜಾರುವ ಶಾಫ್ಟಿನ ತೋಡುಗಳಿಗೆ ದಪ್ಪ ಗ್ರೀಸ್ ಮೆತ್ತಲು ಬಿಡಬೇಡಿ. ಕ್ಲಚ್ ಪುಡಿ ಅಂಟಿಕೊಂಡು ಗಟ್ಟಿಯಾಗಿ ಬೆಂಡಿಕ್ಸ್ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒರೆಸಿ ತೆಳ್ಳಗೆ ಆಯಿಲ್ ಸವರಿದರೆ ಸಾಕು.

ಹೊಸ ಬೆಂಡಿಕ್ಸ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹಲ್ಲಿನ ಲೆಕ್ಕ, ದಪ್ಪ, ತಿರುಗುವ ದಿಕ್ಕು ಮೂರೂ ತಾಳೆಯಾಗಬೇಕು. ಒಂದು ಹಲ್ಲು ವ್ಯತ್ಯಾಸ ಇದ್ದರೂ ಶಾಫ್ಟಿಗೆ ಕೂರುತ್ತದೆ, ರಿಂಗಿಗೆ ಕೂರುವುದಿಲ್ಲ.

ಘಾಟಿ ಡ್ರೈವರ್

ರಿಂಗ್ ತೆಗೆದು ಮಗುಚಿ ಹಾಕಿದರೆ ಆಗುತ್ತದೆ ಅಲ್ವಾ? ಸವೆದಿರುವುದು ಒಂದು ಮಗ್ಗುಲು ಮಾತ್ರ. ನಮ್ಮ ಹಳೇ ಮಾಲೀಕರು ಎಲ್ಲಾ ಗಾಡಿಗೂ ಹಾಗೇ ಮಾಡಿಸುತ್ತಿದ್ದರು.

ವರ್ಕ್‌ಶಾಪ್ ತುಮಕೂರು

ಹಿಂದೆ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಆದರೆ ಹಲ್ಲಿನ ಇಳಿಜಾರು ಒಂದೇ ಮಗ್ಗುಲಿಗೆ ಇರುತ್ತದೆ. ಮಗುಚಿದ ಮೇಲೆ ಆ ಮಗ್ಗುಲಿನ ಒಂದೊಂದು ಹಲ್ಲಿಗೂ ಕೈಯಲ್ಲಿ ಇಳಿಜಾರು ತೆಗೆಯಬೇಕು. ನೂರಕ್ಕೂ ಮೇಲ್ಪಟ್ಟ ಹಲ್ಲು! ಜೊತೆಗೆ ಇವರ ರಿಂಗಿನಲ್ಲಿ ಒಂದು ಕಡೆ ಅರ್ಧ ಹಲ್ಲು ಹೋಗಿದೆ. ಮಗುಚಿದರೂ ಅಲ್ಲಿ ಹಿಡಿಯಲು ಉಳಿದಿರುವುದು ಅರ್ಧವೇ. ನನ್ನ ಮಾತು ಕೇಳಿದರೆ ಹೊಸದೇ ಹಾಕಿ.

ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ. ಹಳೇ ರಿಂಗನ್ನು ಎರಡು ಹಲ್ಲಿನ ನಡುವೆ ಡ್ರಿಲ್ ಮಾಡಿ ಉಳಿಯಲ್ಲಿ ಸೀಳಿ ತೆಗೆಯುತ್ತಾರೆ. ಡ್ರಿಲ್ ಫ್ಲೈವೀಲಿಗೆ ಇಳಿಯಬಾರದು. ಹೊಸ ರಿಂಗ್ ತಣ್ಣಗಿದ್ದಾಗ ಫ್ಲೈವೀಲಿಗಿಂತ ಚೂರು ಚಿಕ್ಕದಾಗಿರುತ್ತದೆ. ಅದನ್ನು ಕಾಯಿಸಿ ಹಿಗ್ಗಿಸಿ ಕೂರಿಸಬೇಕು. 200ರಿಂದ 230 ಡಿಗ್ರಿ ಸೆಲ್ಸಿಯಸ್ ಸಾಕು. ಗ್ಯಾಸ್ ಬೆಂಕಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸಬೇಕು. ಬೆಸುಗೆ ಹಾಕುವ ಸೀಸದ ತಂತಿಯನ್ನು ರಿಂಗಿಗೆ ಮುಟ್ಟಿಸಿದರೆ ಕರಗಬೇಕು, ಅದೇ ಹದ. ರಿಂಗ್ ನೀಲಿ ಬಣ್ಣಕ್ಕೆ ತಿರುಗಿದರೆ ಸುಮಾರು 300 ಡಿಗ್ರಿ ದಾಟಿದೆ, ಹಲ್ಲಿನ ಪಾಕ ಇಳಿದಿದೆ. ಆ ರಿಂಗ್ ಬೇಡ ಅನ್ನಿ. ಕೂರಿಸುವ ಮುಂಚೆ ಇಳಿಜಾರಿನ ಮಗ್ಗುಲು ಬೆಂಡಿಕ್ಸ್ ಬರುವ ಕಡೆಗೆ ಇದೆಯಾ ಅಂತ ಇನ್ನೊಮ್ಮೆ ನೋಡಿ. ಸುತ್ತಲೂ ಫ್ಲೈವೀಲಿನ ಮೆಟ್ಟಿಲಿಗೆ ಒತ್ತಿ ಕೂತಿರಬೇಕು. ಆಮೇಲೆ ತಾನಾಗಿ ಆರಲಿ, ನೀರು ಹಾಕಬಾರದು.

ರಾಣೆಬೆನ್ನೂರು ಲಾರಿ

ಕೆಲಸ ಮುಗಿಯಿತು. ರಿಂಗ್ ಹೊಸದು, ಬೆಂಡಿಕ್ಸ್, ಬುಷ್, ಸೊಲೆನಾಯ್ಡ್ ಕಾಂಟ್ಯಾಕ್ಟ್ ಹಾಕಿದ್ದಾರೆ. ಸೆಲ್ಫ್ ಬಾಡಿ, ಆರ್ಮೇಚರ್ ಹಳೆಯದೇ, ಚೆನ್ನಾಗಿವೆ. ರಿಲೀಸ್ ಬೇರಿಂಗ್ ಶಬ್ದ ಶುರುವಾಗಿತ್ತು, ಅದನ್ನೂ ಬದಲಿಸಿದೆವು. ರಿಂಗ್ ಕಾಯಿಸುವಾಗ ಸೀಸದ ತಂತಿ ನಾನೇ ಹಿಡಿದಿದ್ದೆ. ಮೊದಲು ಮೂರು ಕಡೆ ಕರಗಿ ಒಂದು ಕಡೆ ಕರಗಲಿಲ್ಲ, ಅಲ್ಲಿ ಮತ್ತೆ ಬೆಂಕಿ ತೋರಿಸಿದ ಮೇಲೆ ಟಪ್ ಅಂತ ಕೂತಿತು.

ಲೋಡ್ ಹಾಕಿಕೊಂಡು ಮಂಗಳೂರಿಗೆ ಹೋಗಿ ಬಂದೆ. ನಿಲ್ಲಿಸಿದ ಕಡೆಯೆಲ್ಲಾ ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಎಲ್ಲೂ ಶಬ್ದವಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನೊಂದು ಕೇಳಬೇಕಿತ್ತು. ದಾರಿಯಲ್ಲಿ ಸೆಲ್ಫ್ ಕೈಕೊಟ್ಟರೆ ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿ ಸ್ಟಾರ್ಟ್ ಮಾಡಬಹುದಾ?

ಘಾಟಿ ಡ್ರೈವರ್

ಹಳೇ ಗಾಡಿಗಳಲ್ಲಿ ಮಾಡುತ್ತಿದ್ದೆವು ಅಣ್ಣಾ. ಈಗಿನ ಸ್ಪ್ರಿಂಗ್ ಬ್ರೇಕಿನ ಗಾಡಿಯಲ್ಲಿ ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಹಿಂದಿನ ಬ್ರೇಕ್ ಬಿಡುವುದೇ ಇಲ್ಲ. ಎಂಜಿನ್ ತಿರುಗದೆ ಗಾಳಿ ಬರುವುದಿಲ್ಲ. ಗಾಳಿ ಇದ್ದರೂ ಲೋಡ್ ಗಾಡಿಯನ್ನು ಘಾಟಿಯಲ್ಲಿ ಎಂಜಿನ್ ಆಫ್ ಇಟ್ಟು ಉರುಳಿಸಬೇಡಿ. ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ, ಎರಡು ಸಲ ಬ್ರೇಕ್ ಒತ್ತಿದರೆ ಇರುವ ಗಾಳಿಯೂ ಇಳಿಯುತ್ತದೆ. 2020ರ ಏಪ್ರಿಲ್ ಆದ ಮೇಲೆ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಂತೂ ಬ್ಯಾಟರಿ ಸತ್ತಿದ್ದರೆ ಎಷ್ಟು ಉರುಳಿಸಿದರೂ ಇಂಜೆಕ್ಟರ್ ಡೀಸೆಲ್ ಬಿಡುವುದಿಲ್ಲ. ಪುಲ್ಲಿಗೆ ಹಾಕುವ ಸಾಕೆಟ್, ರಾಡ್ ಗಾಡಿಯಲ್ಲೇ ಇಟ್ಟುಕೊಳ್ಳಿ.

ಶಿರಾ ಟಿಪ್ಪರ್

ಇದನ್ನೆಲ್ಲಾ ಓದಿ ನಮ್ಮ ಟಿಪ್ಪರಿನ ಶಬ್ದ ಗಮನಿಸಿದೆ. ನಮ್ಮದು ಬೇರೆ ಥರ. ಸ್ಟಾರ್ಟ್ ಸಲೀಸು. ಎಂಜಿನ್ ಓಡಲು ಶುರುವಾಗಿ ಕೀ ಬಿಟ್ಟ ಮೇಲೂ ಕೀಯ್ ಅಂತ ಕೆಳಗಿನಿಂದ ಶಬ್ದ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇದಕ್ಕೂ ರಿಂಗೇ ಕಾರಣವಾ?

ಸೆಲ್ಫ್ ಡೈನಮೋ ದಾವಣಗೆರೆ

ತಮ್ಮಾ, ಇದು ರಾಣೆಬೆನ್ನೂರಿನವರದ್ದಕ್ಕಿಂತ ಅವಸರದ ವಿಷಯ. ಎಂಜಿನ್ ಓಡುತ್ತಿದ್ದರೂ ಬೆಂಡಿಕ್ಸ್ ರಿಂಗನ್ನು ಬಿಟ್ಟು ಹಿಂದೆ ಬರುತ್ತಿಲ್ಲ. ರಿಂಗ್ ಒಂದು ಸುತ್ತು ತಿರುಗಿದರೆ ಬೆಂಡಿಕ್ಸ್ ಹತ್ತು ಸುತ್ತಿಗೂ ಮೇಲೆ ತಿರುಗುತ್ತದೆ. ಒಮ್ಮುಖ ಕ್ಲಚ್ ತಡೆದುಕೊಂಡಿರುವವರೆಗೆ ಸರಿ. ಅದು ಹಿಡಿದುಕೊಂಡರೆ ಆರ್ಮೇಚರ್ ಸುರುಳಿ ಬಿಚ್ಚಿ ಚದುರುತ್ತದೆ.

ಮೂರು ಕಡೆ ನೋಡಿಸು. ಕೀ ಸ್ವಿಚ್ ಸ್ಪ್ರಿಂಗ್ ಸೋತು ಪೂರ್ತಿ ವಾಪಸ್ ಬರುತ್ತಿಲ್ಲವಾ? ಸೆಲ್ಫ್ ರಿಲೇ ಅಂಟಿಕೊಳ್ಳುತ್ತಿದೆಯಾ? ಸೊಲೆನಾಯ್ಡ್ ಕಾಂಟ್ಯಾಕ್ಟ್ ಸುಟ್ಟು ಬೆಸೆದುಕೊಂಡಿದೆಯಾ? ಕೀ ಬಿಟ್ಟ ಮೇಲೆ ಸೊಲೆನಾಯ್ಡಿನ ಚಿಕ್ಕ ವೈರಿನಲ್ಲಿ ಇನ್ನೂ ಕರೆಂಟ್ ಇದ್ದರೆ ದೋಷ ಕೀ ಅಥವಾ ರಿಲೇಯಲ್ಲಿ. ಇಲ್ಲದಿದ್ದರೆ ಸೆಲ್ಫ್ ಒಳಗೆ, ಅಂದರೆ ಕಾಂಟ್ಯಾಕ್ಟ್, ಇಲ್ಲವೇ ಶಾಫ್ಟಿನ ತೋಡಿನಲ್ಲಿ ಮಣ್ಣು ಹಿಡಿದು ಬೆಂಡಿಕ್ಸ್ ಸಿಕ್ಕಿಕೊಂಡಿರುವುದು. ಟಿಪ್ಪರ್ ಕ್ವಾರಿ ಧೂಳಿನಲ್ಲಿ ಓಡುವ ಗಾಡಿ, ಕೊನೆಯದನ್ನೂ ಮರೆಯಬೇಡ.

ಅಲ್ಲಿಯವರೆಗೆ ಶಬ್ದ ನಿಲ್ಲದಿದ್ದರೆ ಎಂಜಿನ್ ಆಫ್ ಮಾಡಿ, ಬ್ಯಾಟರಿ ಕಟ್‌ಆಫ್ ತಕ್ಷಣ ಆಫ್ ಮಾಡಲು ಡ್ರೈವರಿಗೆ ಹೇಳಿಡು. ನಾಳೆ ಲೋಡಿಗೆ ಕಳಿಸುವ ಮುಂಚೆ ಆ ಚಿಕ್ಕ ವೈರಿಗೆ ಮೀಟರ್ ಹಿಡಿದು ಏನು ಬಂತು ಅಂತ ಇಲ್ಲಿ ಬರಿ.